ಕೈತೋಟದ ಕೊಳ: ಬಣ್ಣ ಬದಲಾದ ನೀರು, ಅಪರಿಚಿತ ಬೆಳವಣಿಗೆಗಳನ್ನು ಗುರುತಿಸುವ ಬಗೆ

ನಗರದ ಮನೆಗಳ ಅಂಗಳದಲ್ಲಿ, ತಾರಸಿಯ ಮೇಲೆ ನೈದಿಲೆ, ತಾವರೆಗಳ ಪುಟ್ಟ ಕೊಳಗಳು ಈಗ ಅಪರೂಪವಲ್ಲ. ಅದು ಸಿಮೆಂಟ್ ತೊಟ್ಟಿಯಾಗಿರಲಿ, ಹಳೆಯ ಕಲ್ಲುಬಾನಿಯಾಗಿರಲಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಗುಂಡಿಯಾಗಿರಲಿ, ನೀರು ನಿಂತ ಕೆಲವೇ ವಾರಗಳಲ್ಲಿ ಅಲ್ಲೊಂದು ಜೀವಲೋಕ ನೆಲೆಗೊಳ್ಳುತ್ತದೆ. ನಿನ್ನೆಯವರೆಗೆ ತಿಳಿಯಾಗಿದ್ದ ನೀರು ಒಂದು ಬೆಳಿಗ್ಗೆ ಬಟಾಣಿ ಸಾರಿನಂತೆ ಹಸಿರಾಗಿರುತ್ತದೆ. ಮತ್ತೊಂದು ದಿನ ಮಧ್ಯಾಹ್ನ ಇಟ್ಟಿಗೆಪುಡಿ ಚೆಲ್ಲಿದಂತೆ ಕೆಂಪಾಗಿರುತ್ತದೆ. ಕಲ್ಲಿನ ಅಂಚಿಗೆ ಲೋಳೆಯ ಉಂಡೆ, ಎಲೆಯ ಅಡಿಗೆ ಕಂದು ಬೇರಿನಂಥ ಪೊದೆ, ನೀರ ಮೇಲೆ ಎಣ್ಣೆಯಂಥ ಪೊರೆ ಕಾಣಿಸಿಕೊಳ್ಳುತ್ತವೆ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡು ಕೆಲಸ. ಒಂದು, ಬ್ಲೀಚಿಂಗ್ ಪುಡಿಯನ್ನೋ ಮೈಲುತುತ್ತವನ್ನೋ ಸುರಿಯುವುದು. ಎರಡು, ನೀರನ್ನೆಲ್ಲ ಹೊರಚೆಲ್ಲಿ ತಳವನ್ನು ತಿಕ್ಕಿ ತೊಳೆಯುವುದು. ಹೀಗೆ ಬಣ್ಣ ಬದಲಾದ ಕೊಳಗಳಲ್ಲಿ ಹೆಚ್ಚಿನವು ನಿರುಪದ್ರವಿ. ನಿಜಕ್ಕೂ ಅಪಾಯಕಾರಿಯಾದವು ಕೆಲವೇ ಬಗೆಯವು. ಆದರೆ ಆ ಕೆಲವು ಬಗೆಗಳಲ್ಲಿಯೇ ರಾಸಾಯನಿಕ ಸುರಿಯುವುದರಿಂದ ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆದ್ದರಿಂದ ಚಿಕಿತ್ಸೆಗಿಂತ ಮೊದಲು ಗುರುತಿಸುವಿಕೆ ಆಗಬೇಕು.

ಬಣ್ಣವೊಂದನ್ನೇ ನೋಡಿದರೆ ಸಾಲದು

ಕೊಳದ ಬಣ್ಣವೊಂದರಿಂದಲೇ ಕಾರಣವನ್ನು ನಿರ್ಧರಿಸಲಾಗದು. ಕೆಂಪು ಬಣ್ಣಕ್ಕೆ ಕನಿಷ್ಠ ಅರ್ಧ ಡಜನ್ ಕಾರಣಗಳಿವೆ. ಬಣ್ಣದ ಜೊತೆಗೆ ಅದು ಮೇಲ್ಮೈಯಲ್ಲಿದೆಯೋ, ನೀರಿನಲ್ಲೆಲ್ಲ ಬೆರೆತಿದೆಯೋ, ತಳದಲ್ಲಿದೆಯೋ ಎಂಬುದನ್ನು ನೋಡಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಬಾರಿ ನೋಡಿದರೆ ಇನ್ನೂ ಉತ್ತಮ, ಏಕೆಂದರೆ ಕೆಲವು ಜೀವಿಗಳು ದಿನದ ಹೊತ್ತಿಗೆ ತಕ್ಕಂತೆ ಬಣ್ಣವನ್ನೂ ಸ್ಥಳವನ್ನೂ ಬದಲಿಸುತ್ತವೆ. ಉಪಕರಣಗಳೆಂದರೆ ಒಂದು ಉದ್ದನೆಯ ಕಡ್ಡಿ, ಮುಚ್ಚಳವಿರುವ ಪಾರದರ್ಶಕ ಬಾಟಲಿ, ಒಂದು ಬಿಳಿ ಪಿಂಗಾಣಿ ಬಟ್ಟಲು ಮತ್ತು ರಬ್ಬರ್ ಕೈಗವಸು. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವಿದ್ದರೆ ಅರ್ಧ ಕೆಲಸ ಮುಗಿದಂತೆ.

ಹಸಿರು: ಎರಡು ಬೇರೆ ಬೇರೆ ಸಂಗತಿಗಳು

ನೀರು ಏಕಪ್ರಕಾರವಾಗಿ ಹಸಿರಾಗಿದ್ದು, ಬಾಟಲಿಯಲ್ಲಿ ಹಿಡಿದರೆ ತೆಳುಹಸಿರಿನ ಮಬ್ಬು ಮಾತ್ರ ಕಾಣುತ್ತಿದ್ದರೆ ಅದು ಬಹುತೇಕ ತೇಲುವ ಹಸಿರು ಪಾಚಿ. ಕ್ಲೋರೆಲ್ಲಾ, ಸೆನೆಡೆಸ್ಮಸ್ ಮುಂತಾದ ಏಕಕೋಶ ಅಥವಾ ಕೆಲವೇ ಕೋಶಗಳ ಶೈವಲಗಳಿವು. ಹೊಸ ಕೊಳದಲ್ಲಿ ಗಿಡಗಳು ಇನ್ನೂ ಹರಡಿಕೊಳ್ಳದಿದ್ದಾಗ, ಬಿಸಿಲು ನೇರವಾಗಿ ಬೀಳುವಾಗ, ಮೀನಿಗೆ ಹಾಕಿದ ಆಹಾರ ಮಿಕ್ಕಿ ಕೊಳೆಯುವಾಗ ಇವು ಹೆಚ್ಚುತ್ತವೆ. ನೋಡಲು ಚೆನ್ನಾಗಿರುವುದಿಲ್ಲ ಎಂಬುದನ್ನು ಬಿಟ್ಟರೆ ಇದರಿಂದ ದೊಡ್ಡ ತೊಂದರೆ ಇಲ್ಲ. ಮೀನು ಸಾಕಣೆಯ ಹೊಂಡಗಳಲ್ಲಿ ಇದೇ ಹಸಿರನ್ನು ಗೊಬ್ಬರ ಹಾಕಿ ಬೇಕೆಂದೇ ಬೆಳೆಸುತ್ತಾರೆ. ನೈದಿಲೆಯ ಎಲೆಗಳು ಕೊಳದ ಅರ್ಧದಿಂದ ಮೂರನೇ ಎರಡು ಭಾಗವನ್ನು ಆವರಿಸಿದಾಗ, ಬೆಳಕು ಸಾಲದೆ ಇದು ತಾನಾಗಿಯೇ ಇಳಿಯುತ್ತದೆ. ನೀರನ್ನು ಪೂರ್ತಿ ಬದಲಿಸುವುದರಿಂದ ಪ್ರಯೋಜನವಿಲ್ಲ. ಹೊಸ ನೀರಿನೊಡನೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ.

ಎರಡನೆಯದು ಬೇರೆಯೇ ಸಂಗತಿ. ಗಾಳಿಯಿಲ್ಲದ ಬೆಚ್ಚನೆಯ ಬೆಳಿಗ್ಗೆ ಕೊಳದ ಒಂದು ಮೂಲೆಯಲ್ಲಿ, ಯಾರೋ ಹಸಿರು ಬಣ್ಣದ ಡಬ್ಬಿಯನ್ನು ಚೆಲ್ಲಿದಂತೆ ದಟ್ಟನೆಯ ಕೆನೆ ಸೇರಿರುತ್ತದೆ. ಹತ್ತಿರದಿಂದ ನೋಡಿದರೆ ರವೆಯಂಥ ಸಣ್ಣ ಕಣಗಳು. ಅಂಚಿನಲ್ಲಿ ಒಣಗಿದ ಭಾಗ ನೀಲಿಯಾಗಿಯೋ ಬಿಳಿಚಿಕೊಂಡೋ ಇರುತ್ತದೆ. ಮಣ್ಣಿನ ಅಥವಾ ಕೊಳೆತ ಹುಲ್ಲಿನ ವಾಸನೆ ಬರುತ್ತದೆ. ಇದು ನೀಲಿ-ಹಸಿರು ಪಾಚಿ. ಹೆಸರಿನಲ್ಲಿ ಪಾಚಿಯಿದ್ದರೂ ಇದು ವಾಸ್ತವವಾಗಿ ಬ್ಯಾಕ್ಟೀರಿಯಾ. ವಿಜ್ಞಾನಿಗಳು ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ. ಕೆರೆಕೊಳಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕ್ರೋಸಿಸ್ಟಿಸ್ ಎಂಬ ಕುಲ. ಅದರ ಕೋಶಗಳೊಳಗೆ ಗಾಳಿತುಂಬಿದ ಸೂಕ್ಷ್ಮ ಚೀಲಗಳಿರುವುದರಿಂದ ಅದು ಮೇಲಕ್ಕೆ ತೇಲುತ್ತದೆ; ಗಾಳಿ ಬೀಸಿದ ದಿಕ್ಕಿಗೆ ಸರಿದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ.

ಇವೆರಡನ್ನೂ ಬೇರ್ಪಡಿಸಲು ಎರಡು ಸರಳ ಪರೀಕ್ಷೆಗಳಿವೆ. ಕೈಗವಸು ತೊಟ್ಟು ಕಡ್ಡಿಯನ್ನು ಅದ್ದಿ ಮೇಲೆತ್ತಬೇಕು. ಕೂದಲಿನಂಥ ಎಳೆಗಳು ಜೋತುಬಿದ್ದರೆ ಅದು ಎಳೆಪಾಚಿ. ಕಡ್ಡಿಗೆ ಬಣ್ಣ ಬಳಿದಂತೆ ಮೆತ್ತಿಕೊಂಡರೆ ನೀಲಿ-ಹಸಿರು ಪಾಚಿಯೆಂದು ಶಂಕಿಸಬೇಕು. ಇನ್ನೊಂದು, ಬಾಟಲಿಯ ಮುಕ್ಕಾಲು ಭಾಗ ನೀರು ತುಂಬಿ, ಮುಚ್ಚಿ, ಅಲುಗಾಡಿಸದೆ ನೆರಳಿನಲ್ಲಿ ಒಂದು ರಾತ್ರಿ ಇಡುವುದು. ಮರುದಿನ ಹಸಿರು ಮೇಲ್ಭಾಗದಲ್ಲಿ ದಪ್ಪ ಉಂಗುರವಾಗಿ ಸೇರಿದ್ದರೆ ನೀಲಿ-ಹಸಿರು ಪಾಚಿಯ ಸಾಧ್ಯತೆ ಹೆಚ್ಚು. ತಳಕ್ಕಿಳಿದಿದ್ದರೆ ಅಥವಾ ಎಲ್ಲೆಡೆ ಹರಡಿದ್ದರೆ ಸಾಮಾನ್ಯ ಹಸಿರು ಪಾಚಿ. ಬಾಟಲಿಯನ್ನು ರೆಫ್ರಿಜರೇಟರಿನಲ್ಲಿ ಇಡಿ ಎಂದು ವಿದೇಶಿ ಕೈಪಿಡಿಗಳು ಹೇಳುವುದುಂಟು. ಅಡುಗೆಮನೆಯ ಫ್ರಿಜ್ಜಿನಲ್ಲಿ ಇದನ್ನು ಇಡದಿರುವುದೇ ಲೇಸು. ಈ ಪರೀಕ್ಷೆಗಳು ಜೀವಿಯ ಬಗೆಯನ್ನು ಸೂಚಿಸುತ್ತವೆಯೇ ಹೊರತು ವಿಷವಿದೆಯೇ ಇಲ್ಲವೇ ಎಂಬುದನ್ನಲ್ಲ. ಅದನ್ನು ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ.

ವಿಷದ ಮಾತು ಉತ್ಪ್ರೇಕ್ಷೆಯಲ್ಲ. ದಕ್ಷಿಣ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ನೀರು ಕುಡಿದ ಜಾನುವಾರುಗಳ ಸಾವಿಗೆ ಇಂಥ ಕೆನೆಯೇ ಕಾರಣವೆಂದು ಜಾರ್ಜ್ ಫ್ರಾನ್ಸಿಸ್ 1878ರಲ್ಲೇ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಬ್ರೆಜಿಲ್‌ನ ಕರುಅರು ನಗರದಲ್ಲಿ 1996ರಲ್ಲಿ ಡಯಾಲಿಸಿಸ್‌ಗೆ ಬಳಸಿದ ನೀರಿನಲ್ಲಿದ್ದ ಮೈಕ್ರೋಸಿಸ್ಟಿನ್‌ನಿಂದ 50ಕ್ಕೂ ಹೆಚ್ಚು ರೋಗಿಗಳು ಮೃತಪಟ್ಟರು. ಬೋಟ್ಸ್‌ವಾನಾದಲ್ಲಿ 2020ರಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತದ್ದಕ್ಕೆ ಸಯನೋಬ್ಯಾಕ್ಟೀರಿಯಾದ ವಿಷವೇ ಕಾರಣವೆಂದು ಅಲ್ಲಿನ ಸರ್ಕಾರ ಪ್ರಕಟಿಸಿತು. ಮೈಕ್ರೋಸಿಸ್ಟಿನ್ ಪಿತ್ತಜನಕಾಂಗವನ್ನು ಘಾಸಿಗೊಳಿಸುತ್ತದೆ. ಕುಡಿಯುವ ನೀರಿನಲ್ಲಿ ಅದರ ಪ್ರಮಾಣ ದೀರ್ಘಕಾಲಕ್ಕೆ ಲೀಟರಿಗೆ 1 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ನೀರು ಕುದಿಸಿದರೆ ಈ ವಿಷ ನಾಶವಾಗುವುದಿಲ್ಲ.

ಮನೆಯ ಕೊಳದ ನೀರನ್ನು ಯಾರೂ ಕುಡಿಯುವುದಿಲ್ಲ ಎನ್ನಬಹುದು. ಮನುಷ್ಯರು ಕುಡಿಯುವುದಿಲ್ಲ, ನಾಯಿ ಕುಡಿಯುತ್ತದೆ. ಕುಡಿಯದಿದ್ದರೂ ನೀರಿಗಿಳಿದು ಬಂದು ಮೈ ನೆಕ್ಕಿಕೊಳ್ಳುತ್ತದೆ. ಕೆನೆ ಕಂಡ ದಿನದಿಂದಲೇ ಸಾಕುಪ್ರಾಣಿಗಳನ್ನೂ ಮಕ್ಕಳನ್ನೂ ದೂರವಿಡಬೇಕು; ಆ ನೀರನ್ನು ಸೊಪ್ಪಿನ ಮಡಿಗೆ ಹಾಯಿಸಬಾರದು. ಮುಖ್ಯವಾಗಿ, ಮೈಲುತುತ್ತ ಹಾಕಬಾರದು. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರ ಮನೆಗಳಲ್ಲಿ ಅದು ಕೈಗೆಟಕುವಂತೆ ಇರುತ್ತದೆ. ಅದು ಪಾಚಿಯನ್ನು ಕೊಲ್ಲುತ್ತದೆ, ನಿಜ. ಆದರೆ ಸತ್ತ ಕೋಶಗಳು ಒಡೆದು ಒಳಗಿದ್ದ ವಿಷವೆಲ್ಲ ಒಮ್ಮೆಲೇ ನೀರಿಗೆ ಸೇರುತ್ತದೆ. ಸತ್ತ ರಾಶಿ ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗುತ್ತದೆ. ಅಲ್ಲದೆ ತಾಮ್ರವು ಮೀನು, ಬಸವನಹುಳುಗಳಿಗೆ ತಾನೇ ವಿಷ. ಕೆನೆಯನ್ನು ಕೈಗವಸು ತೊಟ್ಟು ತಟ್ಟೆಯಿಂದ ತೆಗೆದು, ಪ್ರಾಣಿಗಳು ಸುಳಿಯದ ಕಡೆ ಮಣ್ಣಿನಲ್ಲಿ ಹೂಳುವುದು, ನೆರಳು ಹೆಚ್ಚಿಸುವುದು, ನೀರು ಅಲುಗಾಡುವಂತೆ ಪಂಪ್ ಹಾಕುವುದು ನಿಧಾನವಾದರೂ ಸುರಕ್ಷಿತ ಮಾರ್ಗ.

ಇದೇ ಗುಂಪಿನ ಆಸಿಲಟೋರಿಯಾದಂಥ ಜೀವಿಗಳು ತಳದಲ್ಲಿ ಕಡುಹಸಿರು ಅಥವಾ ಕಪ್ಪು ಕಂಬಳಿಯಂತೆ ಬೆಳೆದು, ಗಾಳಿಗುಳ್ಳೆಗಳಿಂದ ಹಗುರಾಗಿ ತುಂಡುತುಂಡಾಗಿ ಮೇಲೇಳುತ್ತವೆ. ಇವನ್ನೂ ಅಷ್ಟೇ ಎಚ್ಚರದಿಂದ ಕಾಣಬೇಕು.

ಕೆಂಪಿನ ಹಲವು ಮುಖ

ಜನರನ್ನು ಹೆಚ್ಚು ಗಾಬರಿಗೊಳಿಸುವುದು ಕೆಂಪು. ಬೆಳಿಗ್ಗೆ ಹಸಿರಾಗಿದ್ದ ಪೊರೆ ಮಧ್ಯಾಹ್ನದ ಬಿಸಿಲಿಗೆ ರಕ್ತಗೆಂಪಾಗಿ, ಸಂಜೆ ಮತ್ತೆ ಹಸಿರಿಗೆ ತಿರುಗಿದರೆ ಅದು ಯೂಗ್ಲೀನಾ ಸಾಂಗ್ವಿನಿಯಾ. ಈ ಏಕಕೋಶಜೀವಿ ತೀವ್ರ ಬೆಳಕಿನಿಂದ ತನ್ನನ್ನು ರಕ್ಷಿಸಿಕೊಳ್ಳಲು ಕೋಶದೊಳಗಿನ ಕೆಂಪು ಕಣಗಳನ್ನು ಮೇಲ್ಪದರಕ್ಕೆ ಹರಡುತ್ತದೆ. ಬೆಳಕು ತಗ್ಗಿದಾಗ ಒಳಕ್ಕೆಳೆದುಕೊಳ್ಳುತ್ತದೆ. ದನಗಳು ಇಳಿಯುವ ಹಳ್ಳಿಯ ಕಟ್ಟೆಗಳಲ್ಲೂ ಗದ್ದೆಯ ನಿಂತ ನೀರಿನಲ್ಲೂ ಇದು ಸಾಮಾನ್ಯ. ಸಾವಯವ ಕೊಳೆ ಹೆಚ್ಚಿದೆಯೆಂಬುದಕ್ಕೆ ಇದು ಸೂಚನೆ. ಇದು ಮೀನುಗಳನ್ನು ಕೊಲ್ಲಬಲ್ಲ ವಿಷವನ್ನು ಉತ್ಪಾದಿಸುತ್ತದೆಂದು ಈ ಶತಮಾನದ ಸಂಶೋಧನೆಗಳು ತೋರಿಸಿವೆ. ಹಾಗಾಗಿ ಮೀನುಗಳಿರುವ ಕೊಳದಲ್ಲಿ ಇದನ್ನು ಉಪೇಕ್ಷಿಸುವಂತಿಲ್ಲ. ಪೊರೆ ಒತ್ತಾಗಿರುವ ಮಧ್ಯಾಹ್ನದ ಹೊತ್ತಿನಲ್ಲೇ ಅದನ್ನು ತೆಗೆಯುವುದು ಸುಲಭ.

ಮೇಲ್ಮೈಯ ಕೆಂಪು ಮಖಮಲ್ಲಿನಂತಿದ್ದು, ಬೆರಳಿನಿಂದ ಎತ್ತಿದರೆ ಪುಟ್ಟ ಎಲೆಗಳೂ ಕೆಳಗೆ ಜೋತ ಬೇರುಗಳೂ ಕಂಡರೆ ಅದು ಅಜೋಲ್ಲಾ. ನಮ್ಮ ರೈತರು ಹಸುಗಳ ಮೇವಿಗೆಂದು ಗುಂಡಿಗಳಲ್ಲಿ ಬೆಳೆಸುವ ಜರೀಗಿಡವೇ ಇದು. ನೆರಳಿನಲ್ಲಿ ಹಸಿರಾಗಿರುವ ಇದು ಸುಡುಬಿಸಿಲು, ಚಳಿ ಅಥವಾ ರಂಜಕದ ಕೊರತೆಯಿಂದ ಕೆಂಪಾಗುತ್ತದೆ. ಹಕ್ಕಿಗಳಿಗೆ ನೀರಿಡುವ ಬಟ್ಟಲು, ಒಣಗುತ್ತಿರುವ ಕಲ್ಲುಬಾನಿಯ ತಳದಲ್ಲಿ ಉಳಿಯುವ ಇಟ್ಟಿಗೆಗೆಂಪು ಕಲೆ ಹೆಮಟೋಕಾಕಸ್ ಎಂಬ ಹಸಿರು ಪಾಚಿಯ ಸುಪ್ತರೂಪ, ಅದು ನಿರುಪದ್ರವಿ. ನೀರಿನಲ್ಲಿ ಕೆಂಪು ಚುಕ್ಕೆಗಳು ಜಿಗಿಜಿಗಿದು ಚಲಿಸುತ್ತಿದ್ದರೆ ಅವು ಡಾಫ್ನಿಯಾ, ಅಂದರೆ ನೀರುಚಿಗಟಗಳು. ಆಮ್ಲಜನಕ ಕಡಿಮೆಯಾದಾಗ ಅವುಗಳಲ್ಲಿ ಹಿಮೋಗ್ಲೋಬಿನ್ ಹೆಚ್ಚಿ ಕೆಂಪೇರುತ್ತವೆ. ತಳದ ಕೆಸರಿನಲ್ಲಿ ನುಲಿಯುವ ಕೆಂಪು ಹುಳುಗಳು ಕಚ್ಚದ ಒಂದು ಬಗೆಯ ನೊಣಜಾತಿಯ ಮರಿಗಳು. ಮೀನುಗಳಿಗೆ ಅವು ಹಬ್ಬದೂಟ.

ಕೊಳದ ಸುತ್ತಲಿನ ಗೋಡೆ, ಮರದ ಕಾಂಡಗಳ ಮೇಲೆ ಕಿತ್ತಳೆ ಬಣ್ಣದ ಮಖಮಲ್ಲು ಕಾಣುವುದು ಮಲೆನಾಡು, ಕರಾವಳಿಯಲ್ಲಿ ಸಾಮಾನ್ಯ. ಅದು ಟ್ರೆಂಟಿಪೋಲಿಯಾ ಎಂಬ, ಗಾಳಿಯಲ್ಲೇ ಬೆಳೆಯುವ ಪಾಚಿ. 2001ರಲ್ಲಿ ಕೇರಳದಲ್ಲಿ ಸುರಿದ ಕೆಂಪುಮಳೆಗೆ ಇದೇ ಕುಲದ ಬೀಜಕಣಗಳು ಕಾರಣವೆಂದು ಸರ್ಕಾರಿ ಅಧ್ಯಯನ ತೀರ್ಮಾನಿಸಿತ್ತು. ಮಹಾರಾಷ್ಟ್ರದ ಲೋಣಾರ್ ಸರೋವರ 2020ರ ಜೂನ್‌ನಲ್ಲಿ ಗುಲಾಬಿಯಾದಾಗ ಅದರ ಚಿತ್ರಗಳು ದೇಶವೆಲ್ಲ ಹರಿದಾಡಿದವು. ಅದಕ್ಕೆ ಕಾರಣವಾದದ್ದು ಅತಿ ಉಪ್ಪುನೀರಿನಲ್ಲಷ್ಟೇ ಬದುಕುವ ಸೂಕ್ಷ್ಮಾಣುಗಳು. ಸಿಹಿನೀರಿನ ಕೈತೋಟದ ಕೊಳಕ್ಕೂ ಅದಕ್ಕೂ ಸಂಬಂಧವಿಲ್ಲ.

ತುಕ್ಕು, ಕಂದು, ಕಪ್ಪು, ಬಿಳಿ

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡಾಗ ಡೀಸೆಲ್ ಸೋರಿದೆಯೆಂದು ಭಾವಿಸುವವರೇ ಹೆಚ್ಚು. ಕಡ್ಡಿಯಿಂದ ಪೊರೆಯನ್ನು ಕಲಕಿರಿ. ಗಾಜಿನ ಚೂರುಗಳಂತೆ ಒಡೆದು ಹಾಗೆಯೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಸುಳಿದು ಮತ್ತೆ ಕೂಡಿಕೊಂಡರೆ ಎಣ್ಣೆ. ಮೊದಲನೆಯದರ ಜೊತೆಗೆ ತಳದಲ್ಲಿ ತುಕ್ಕುಬಣ್ಣದ ಹತ್ತಿಯಂಥ ಲೋಳೆಯೂ ಇರುತ್ತದೆ. ಮುರಕಲ್ಲಿನ ನೆಲದ ಕರಾವಳಿಯಲ್ಲಿ ಮತ್ತು ಕಬ್ಬಿಣದ ಅಂಶವಿರುವ ಕೊಳವೆಬಾವಿಯ ನೀರು ತುಂಬಿದ ಕೊಳಗಳಲ್ಲಿ ಇದು ಸಹಜ. ಹಾನಿಯಿಲ್ಲ.

ಚಹಾದ ಕಷಾಯದಂತೆ ತಿಳಿಯಾದ ಕಂದು ನೀರು ಬಾದಾಮಿ ಮರ, ಮಾವು, ಹಲಸಿನ ಎಲೆಗಳು ಬಿದ್ದು ನೆನೆದದ್ದರ ಫಲ. ಮಬ್ಬಾದ ಕಂದು ಎಂದರೆ ಮಣ್ಣು, ಬಾಟಲಿಯಲ್ಲಿಟ್ಟರೆ ಕೆಳಗಿಳಿಯುತ್ತದೆ. ಕಪ್ಪು ನೀರು, ಕೊಳೆತ ಮೊಟ್ಟೆಯ ವಾಸನೆ, ತಳದಿಂದೇಳುವ ಗುಳ್ಳೆಗಳು ಒಟ್ಟಿಗೆ ಕಂಡರೆ ಮಾತ್ರ ವಿಷಯ ಗಂಭೀರ. ತಳದಲ್ಲಿ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಅನಿಲ ಉಂಟಾಗುತ್ತಿದೆ ಎಂದರ್ಥ. ಕೊಳೆತ ಎಲೆಗಳ ಮೇಲೆ ನೇರಳೆಗೆಂಪಿನ ಲೇಪ ಕಂಡರೆ ಅದೂ ಇದೇ ಸ್ಥಿತಿಯಲ್ಲಿ ಬೆಳೆಯುವ ಗಂಧಕದ ಬ್ಯಾಕ್ಟೀರಿಯಾ. ಕಪ್ಪು ಹೂಳನ್ನು ಒಂದೇ ದಿನ ಕೆದಕಿದರೆ ಅನಿಲವೆಲ್ಲ ನೀರಿಗೆ ಬೆರೆತು ಮೀನುಗಳು ಸಾಯುತ್ತವೆ. ಮೀನುಗಳನ್ನು ಬೇರೆಡೆಗೆ ಸಾಗಿಸಬೇಕು, ಇಲ್ಲವೇ ಹೂಳನ್ನು ಸ್ವಲ್ಪಸ್ವಲ್ಪವಾಗಿ ತೆಗೆಯಬೇಕು.

ಹಾಲಿನಂಥ ಬಿಳಿ ಮಬ್ಬು ಹೊಸ ಸಿಮೆಂಟ್ ತೊಟ್ಟಿಯಲ್ಲಿ ಕಂಡರೆ ಸುಣ್ಣದ ಅಂಶ ಕರಗುತ್ತಿದೆ. ಅಂಥ ನೀರು ತೀವ್ರ ಕ್ಷಾರೀಯ. ಮೀನು ಬಿಡುವ ಮುನ್ನ ಹಲವು ಬಾರಿ ನೀರು ತುಂಬಿ ಚೆಲ್ಲಬೇಕು. ಬಾಳೆದಿಂಡನ್ನು ನೆನೆಹಾಕುವ ವಾಡಿಕೆಯೂ ಇದೆ. ಹಳೆಯ ಕೊಳದಲ್ಲಿ ಇದೇ ಮಬ್ಬು ಕಂಡರೆ ಆಹಾರ ಅತಿಯಾಗಿ ಬ್ಯಾಕ್ಟೀರಿಯಾಗಳು ಹೆಚ್ಚಿವೆ ಎಂದು ತಿಳಿಯಬಹುದು. ಗಣೇಶ ಚತುರ್ಥಿಯ ಮರುದಿನದ ಮಬ್ಬಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಬಣ್ಣ ಹಚ್ಚದ ಮಣ್ಣಿನ ಮೂರ್ತಿಯಾದರೂ ಕೊಳದ ಬದಲು ಬಕೆಟ್ಟಿನಲ್ಲಿ ವಿಸರ್ಜಿಸುವುದು ಮೀನುಗಳ ಪಾಲಿಗೆ ಒಳ್ಳೆಯದು.

ಎಳೆ, ಬಲೆ, ಲೋಳೆ, ನೊರೆ

ಮುಟ್ಟಿದರೆ ಒದ್ದೆ ರೇಷ್ಮೆಯಂತೆ ಜಾರುವ ಹಸಿರು ಎಳೆಗಳು ಸ್ಪೈರೋಗೈರಾ. ಹಗಲಿನಲ್ಲಿ ತಾವೇ ಬಿಡುವ ಆಮ್ಲಜನಕದ ಗುಳ್ಳೆಗಳಿಂದ ತೇಲಿ, ರಾತ್ರಿ ಮುಳುಗುತ್ತವೆ. ಒರಟು ಹತ್ತಿಯಂತಿದ್ದರೆ ಕ್ಲಾಡೋಫೋರಾ. ಕಣ್ಣಿಗೇ ಕಾಣುವಂತೆ ಷಡ್ಭುಜದ ಕಂಡಿಗಳುಳ್ಳ ಬಲೆಯಂತಿದ್ದರೆ ಹೈಡ್ರೋಡಿಕ್ಟಿಯಾನ್. ಪ್ರಕೃತಿ ಹೆಣೆದ ಮೀನುಬಲೆಯೆಂದೇ ತೋರುತ್ತದೆ. ಇವನ್ನೆಲ್ಲ ಕಡ್ಡಿಗೆ ಸುತ್ತಿ ತೆಗೆದು ಗೊಬ್ಬರದ ಗುಂಡಿಗೆ ಹಾಕಬಹುದು. ಗಿಡದಂತೆಯೇ ಕಂಡು, ಮುಟ್ಟಿದರೆ ಸುಣ್ಣದ ಒರಟುತನವಿದ್ದು, ಹಿಸುಕಿದರೆ ಬೆಳ್ಳುಳ್ಳಿಯಂಥ ವಾಸನೆ ಬರುವುದು ಕಾರಾ ಎಂಬ ಪಾಚಿ. ಗಡಸಾದ, ತಿಳಿಯಾದ ನೀರಿನ ಗುರುತದು. ಅದನ್ನು ಕೀಳದಿರುವುದೇ ಒಳ್ಳೆಯದು.

ಲೋಳೆಯ ವಸ್ತುಗಳಲ್ಲಿ ಹೆಚ್ಚಿನವು ಮೊಟ್ಟೆಗಳು. ಲೋಳೆಯ ದಾರದೊಳಗೆ ಕರಿಮಣಿ ಪೋಣಿಸಿದಂತಿದ್ದರೆ ಅದು ನೆಲಗಪ್ಪೆಯದು. ಎಲೆಯಡಿಯ ಚಪ್ಪಟೆ, ಪಾರದರ್ಶಕ ಅಂಟು ಬಸವನಹುಳುವಿನದು. ಮಳೆಗಾಲದ ಆರಂಭದಲ್ಲಿ ಕೊಳದ ಮೇಲೆ ಬಾಗಿದ ರೆಂಬೆಗೋ ತೊಟ್ಟಿಯ ಗೋಡೆಗೋ ಅಂಟಿದ ಬಿಳಿ ನೊರೆಯ ಮುದ್ದೆಯನ್ನು ಸೋಪಿನ ನೊರೆಯೆಂದು ತೊಳೆದುಬಿಡುವವರಿದ್ದಾರೆ. ಅದು ಮರಗಪ್ಪೆಯ ಗೂಡು. ತಾನು ಸ್ರವಿಸಿದ ದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆಯೆಬ್ಬಿಸಿ ಅದರೊಳಗೆ ಮೊಟ್ಟೆಯಿಡುತ್ತದೆ. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ನೀರಿನ ಮೇಲೇ ತೇಲುವ, ಗಾಳಿಗೆ ಹಾರುವ ನೊರೆ ಮಾತ್ರ ಮಾರ್ಜಕದ್ದು. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹೊತ್ತಿಕೊಂಡದ್ದನ್ನು ಓದುಗರು ಮರೆತಿರಲಾರರು. ಮನೆಯಲ್ಲಿ ಅದರ ಮೂಲ ಬಟ್ಟೆ ಒಗೆದ ನೀರು ಅಥವಾ ಕಾರು ತೊಳೆದ ನೀರು.

ಗಟ್ಟಿಯಾದ ಲೋಳೆಯ ಕಡುಹಸಿರು ಗೋಲಿಗಳು ನಾಸ್ಟಾಕ್. ಕಲ್ಲಿಗೋ ಪೈಪಿಗೋ ಹಸಿರು-ಬೂದು ಹೆಪ್ಪಿನಂತೆ ಅಂಟಿ, ಮೇಲ್ಮೈಯಲ್ಲಿ ಸಣ್ಣ ರಂಧ್ರಗಳಿದ್ದರೆ ಅದು ಸಿಹಿನೀರಿನ ಸ್ಪಂಜು, ಒಂದು ಪ್ರಾಣಿ. ನೈದಿಲೆ ಎಲೆಯ ಅಡಿಯ ಕಂದು ಬೇರಿನಂಥ ಕವಲುಗಳು ಬ್ರಯೋಝೋವಾ ಎಂಬ ಪ್ರಾಣಿಗಳ ವಸಾಹತು. ನೀರಿನಲ್ಲಿಟ್ಟು ಮಸೂರದಿಂದ ನೋಡಿದರೆ ಪ್ರತಿ ತುದಿಯಲ್ಲೂ ಕಿರೀಟದಂಥ ಎಳೆಗಳು ಅರಳುವುದು ಕಾಣುತ್ತದೆ. ಭಾರತದ ಇಂಥ ಜೀವಿಗಳ ಬಗ್ಗೆ ನೆಲ್ಸನ್ ಆನಂಡೇಲ್ 1911ರಲ್ಲೇ ಒಂದು ಸಂಪುಟ ಪ್ರಕಟಿಸಿದ್ದರು. ಎರಡೂ ನೀರನ್ನು ಸೋಸಿ ಬದುಕುವಂಥವು. ಇವು ಬೆಳೆದ ಕೊಳದಲ್ಲಿ ನೀರು ಸುಸ್ಥಿತಿಯಲ್ಲಿದೆಯೆಂದು ಸಾಮಾನ್ಯವಾಗಿ ಹೇಳಬಹುದು. ಕೊಂಡುತಂದ ಗಿಡದ ಬೇರಿನೊಡನೆ ಏನೇನು ಬರಬಹುದೆಂಬುದಕ್ಕೆ ಮಿತಿಯಿಲ್ಲ. ಚೀನಾ ಮೂಲದ ಸಿಹಿನೀರಿನ ಅಂಬಲಿಮೀನು ವಿಜ್ಞಾನಕ್ಕೆ ಮೊದಲು ಪರಿಚಯವಾದದ್ದು 1880ರಲ್ಲಿ, ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ನೈದಿಲೆ ತೊಟ್ಟಿಯೊಂದರಲ್ಲಿ!

ದಕ್ಷಿಣ ಅಮೆರಿಕ ಮೂಲದ ಸಾಲ್ವೀನಿಯಾ ಹೀಗೆ ಗಿಡಗಳ ಜೊತೆ ಬಂದು ತೊಂದರೆ ಕೊಡುವ ಜರೀಗಿಡ. ಮಡಿಸಿದ, ರೋಮಭರಿತ ಎಲೆಗಳ ಚಾಪೆಯಂತೆ ಕೊಳವನ್ನು ಮುಚ್ಚಿಬಿಡುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ನೈದಿಲೆ ಕೊಳವೊಂದರಲ್ಲಿ ಇದರ ಮೇಲೆ ಸಿರ್ಟೊಬ್ಯಾಗಸ್ ಎಂಬ ಸೊಂಡಿಲು ಕೀಟವನ್ನು ಬಿಟ್ಟು ಹತೋಟಿಗೆ ತಂದ ಪ್ರಯೋಗ ಜೈವಿಕ ನಿಯಂತ್ರಣದ ಇತಿಹಾಸದಲ್ಲಿ ದಾಖಲಾಗಿದೆ. ಮನೆಯ ಕೊಳದಲ್ಲಾದರೆ ಕೈಯಿಂದ ಆಯ್ದು ತೆಗೆಯುವುದೇ ಸಾಕು. ಕೆರೆಗೆ ಮಾತ್ರ ಎಸೆಯಕೂಡದು.

ಮೀನುಗಳು ಮುಂಜಾನೆ ಸಾಯುವುದೇಕೆ

ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಅದನ್ನೇ ಸೇವಿಸುತ್ತದೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಕೊಳದಲ್ಲಿ ಆಮ್ಲಜನಕ ಅತ್ಯಂತ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಏಪ್ರಿಲ್, ಮೇ ತಿಂಗಳಿನ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಔಷಧವಲ್ಲ, ಗಾಳಿ ಬೇಕು. ಪಂಪ್ ಹಾಕಬೇಕು, ಅದಿಲ್ಲವಾದರೆ ಕೊಳದ ನೀರನ್ನೇ ತಂಬಿಗೆಯಿಂದ ಎತ್ತಿ ಎತ್ತಿ ಸುರಿಯಬೇಕು. ಹೊಸ ನೀರು ಸೇರಿಸುವುದಾದರೆ ಕ್ಲೋರಿನ್ ಇರುವ ನಲ್ಲಿ ನೀರನ್ನು ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು, ಒಮ್ಮೆಗೆ ಕೊಳದ ಕಾಲು ಭಾಗಕ್ಕಿಂತ ಹೆಚ್ಚಾಗದಂತೆ ಬದಲಿಸಬೇಕು.

ಬ್ಲೀಚಿಂಗ್ ಪುಡಿ ಸುರಿದರೆ ಇನ್ನೊಂದು ಅನಾಹುತವಿದೆ. ಅದು ಗಪ್ಪಿ ಮೀನನ್ನೂ ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ಕೊಲ್ಲುತ್ತದೆ. ಪುಡಿಯ ಪ್ರಭಾವ ಇಳಿದ ಮೇಲೆ ಆ ನೀರಿಗೆ ಮೊದಲು ಮರಳುವವು ಸೊಳ್ಳೆಗಳು, ಅವನ್ನು ತಿನ್ನುವವರು ಅಲ್ಲಿರುವುದಿಲ್ಲ. ನೀರಿನ ಮೇಲೆ ಮಸಿಯ ಚೂರಿನಂತೆ ತೇಲುವ, ಕೆಲವೇ ಮಿಲಿಮೀಟರ್ ಉದ್ದದ ತೆಪ್ಪಗಳು ಕ್ಯೂಲೆಕ್ಸ್ ಸೊಳ್ಳೆಯ ಮೊಟ್ಟೆಗಳು. ಬೂದಿಯಂತೆ ಹರಡಿ, ಊದಿದರೆ ಪುಟಿಯುವವು ಸ್ಪ್ರಿಂಗ್‌ಟೇಲ್ ಎಂಬ ನಿರಪಾಯದ ಜೀವಿಗಳು. ಮೊದಲಿನದನ್ನು ಬಲೆಯಿಂದ ಎತ್ತಿ ಒಣನೆಲಕ್ಕೆ ಹಾಕಬೇಕು, ಎರಡನೆಯದನ್ನು ಬಿಟ್ಟುಬಿಡಬಹುದು.

ಮಾದರಿ ಒಯ್ಯುವಾಗ

ಗುರುತು ಹತ್ತದಿದ್ದರೆ ಸಮೀಪದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ವಿಭಾಗ, ಮೀನುಗಾರಿಕೆ ಇಲಾಖೆಯ ಕಚೇರಿ, ಮಂಗಳೂರಿನ ಮೀನುಗಾರಿಕಾ ಕಾಲೇಜು ಅಥವಾ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಂಥ ಸಂಸ್ಥೆಗಳನ್ನು ವಿಚಾರಿಸಬಹುದು. ಕೆನೆಯಿರುವ ಜಾಗದಿಂದ ಒಂದು, ಕೊಳದ ನಡುವಿನಿಂದ ಒಂದು ಬಾಟಲಿ ನೀರು ತೆಗೆದು, ಅರ್ಧದಷ್ಟೇ ತುಂಬಿ, ಬಿಸಿಲು ತಾಗದಂತೆ ಅದೇ ದಿನ ತಲುಪಿಸಬೇಕು. ತೆಗೆದ ಹೊತ್ತು, ಹಿಂದಿನ ಎರಡು ದಿನಗಳ ಬಿಸಿಲು-ಮಳೆ, ಕೊಳಕ್ಕೆ ಈಗಾಗಲೇ ಹಾಕಿರುವ ಗೊಬ್ಬರ, ಔಷಧಗಳ ಹೆಸರನ್ನು ಬಾಟಲಿಯ ಮೇಲೆ ಬರೆದಿರಬೇಕು. ನೀರಿಗಿಳಿದ ನಾಯಿ ವಾಂತಿ ಮಾಡಿದರೆ, ತೂರಾಡಿದರೆ ಅಥವಾ ಅತಿಯಾಗಿ ಜೊಲ್ಲು ಸುರಿಸಿದರೆ ಮೈಯನ್ನು ಶುದ್ಧನೀರಿನಿಂದ ತೊಳೆದು ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಬೇಕು. ಆ ಬಾಟಲಿಯನ್ನೂ ಜೊತೆಗೆ ಒಯ್ಯಬೇಕು.